22ರ ತಮ್ಮ ಕೀನ್ಯಾಕ್ಕೆ ಮಿಷನ್ ಸೇವೆಗೆ ಹೊರಟಿದ್ದಾನೆ. ಅದೇ ವಯಸ್ಸಿನಲ್ಲಿ ನಮ್ಮೂರಿಗೆ ಬಂದವರ ಬದುಕು ಹೇಗಿತ್ತು?

ಹುಬ್ಬಳ್ಳಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿಯ ಪ್ರಾಟೆಸ್ಟಂಟ್ ಕುಟುಂಬ. ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ ಸಭೆಯವರು, ಅಂದರೆ ಆ ಚರ್ಚಿನವರು. ನನ್ನ ತಮ್ಮನಿಗೆ 22 ವರ್ಷ, ಬಿ.ಎಸ್ಸಿ. ಮುಗಿಸಿದ್ದಾನೆ. ಪಶ್ಚಿಮ ಕೀನ್ಯಾದಲ್ಲಿ ಅಲ್ಲಿನ ಒಂದು ಚರ್ಚ್ ನಡೆಸುವ ಶಾಲೆ ಮತ್ತು ಹಾಸ್ಟೆಲಿನಲ್ಲಿ ಎರಡು ವರ್ಷ ಸೇವೆ ಮಾಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದಾನೆ. ಅಪ್ಪ ಬ್ಯಾಂಕ್ ಪರೀಕ್ಷೆ ಬರೆ ಅನ್ನುತ್ತಾರೆ. ಅಮ್ಮ ತಡೆಯುವುದಿಲ್ಲ, ಆದರೆ ರಾತ್ರಿ ಪ್ರಾರ್ಥನೆಯಲ್ಲಿ ಅವನ ಹೆಸರು ಬಂದ ತಕ್ಷಣ ಗಂಟಲು ಕಟ್ಟಿಕೊಳ್ಳುತ್ತದೆ.

ಮನೆಯಲ್ಲಿ ಮಾತು ಬೆಳೆದಾಗಲೆಲ್ಲ ತಮ್ಮ ಹೇಳುವುದು ಒಂದೇ. "ಕಿಟೆಲ್ ಇಲ್ಲಿಗೆ ಬಂದಾಗ 21 ವರ್ಷ. ನಾನು ಅವರಿಗಿಂತ ದೊಡ್ಡವನು." ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಾರೆ. ನಮಗೆ ಕಿಟೆಲ್ ಅಂದರೆ ಗೊತ್ತಿರುವುದು ಪ್ರತಿಮೆ, ಧಾರವಾಡದ ಕಾಲೇಜು, ನಿಘಂಟು ಅಷ್ಟೇ. ಬಾಸೆಲಿನಿಂದ ಮಿಷನರಿಗಳಾಗಿ ಬಂದ ಆ ಹುಡುಗರು ಹೇಗೆ ತಯಾರಾದರು? ಖರ್ಚು ಯಾರು ನೋಡಿಕೊಂಡರು? ಆಗದಿದ್ದರೆ ಊರಿಗೆ ವಾಪಸ್ ಹೋಗಬಹುದಿತ್ತಾ? ಬಲ್ಲವರು ಹೇಳಿ. ಈಗಿನ ಕಾಲದಲ್ಲಿ ಹೋಗಿ ಬಂದವರಿದ್ದರೆ ಅವರೂ ದಯವಿಟ್ಟು ಬರೆಯಿರಿ. ಅಪ್ಪನಿಗೂ ತೋರಿಸುತ್ತೇನೆ.

ಬಲ್ಮಠದ ಓದುಗ

ಅಕ್ಕಾ, ನಿಮ್ಮ ತಮ್ಮ ವಯಸ್ಸನ್ನು ಸರಿಯಾಗಿ ಹೇಳಿದ್ದಾರೆ. ಆದರೆ ಅರ್ಧ ಕಥೆ ಮಾತ್ರ ಹೇಳಿದ್ದಾರೆ. ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿಗೆ ಸೇರುತ್ತಿದ್ದವರಲ್ಲಿ ಜಾಸ್ತಿ ಜನ ಪಕ್ಕದ ಜರ್ಮನ್ ಸೀಮೆ ವುರ್ಟೆಂಬರ್ಗಿನ ರೈತರ, ನೇಕಾರರ, ಬಡಗಿಗಳ ಮಕ್ಕಳು. ಸೇರಿದ ಕೂಡಲೇ ಹಡಗು ಹತ್ತಿಸುತ್ತಿರಲಿಲ್ಲ. ವರ್ಷಗಟ್ಟಲೆ ಒಂದೇ ಕಟ್ಟಡದಲ್ಲಿ ಇಟ್ಟು ಬೈಬಲ್ಲಿನ ಜೊತೆಗೆ ಗ್ರೀಕ್, ಹೀಬ್ರೂ, ಇಂಗ್ಲಿಷ್ ಕಲಿಸುತ್ತಿದ್ದರು. ಕೈಕೆಲಸವನ್ನೂ ಮಾಡಿಸುತ್ತಿದ್ದರು. ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಎಲ್ಲದಕ್ಕೂ ನಿಯಮ.

ಎಲ್ಲವನ್ನೂ ತೀರ್ಮಾನ ಮಾಡುತ್ತಿದ್ದದ್ದು 'ಕಮಿಟಿ'. ಯಾವ ದೇಶ, ಯಾವ ಊರು, ಯಾವ ಕೆಲಸ, ಕಡೆಗೆ ಮದುವೆ ಯಾವಾಗ ಅನ್ನುವುದು ಕೂಡ. ಹುಡುಗರು ಒಂಟಿಯಾಗಿಯೇ ಹೊರಡಬೇಕಿತ್ತು. ಮಿಷನ್ ಕ್ಷೇತ್ರದಲ್ಲಿ ಎರಡು ವರ್ಷ ಕಳೆದ ಮೇಲೆ ಮದುವೆಗೆ ಅನುಮತಿ ಕೇಳಬಹುದು, ಕಮಿಟಿ ಒಪ್ಪಬೇಕು. ಮೂರು ತಿಂಗಳಿಗೊಮ್ಮೆ ಬಾಸೆಲಿಗೆ ವರದಿ ಬರೆಯಬೇಕು. ಆ ಕಾಗದಗಳು ಇವತ್ತಿಗೂ ಅಲ್ಲಿನ ದಾಖಲೆ ಮನೆಯಲ್ಲಿವೆ.

ನಮ್ಮ ಕಡೆಗೆ ಮೊದಲು ಬಂದವರು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು. 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅದಕ್ಕೆ ದಾರಿಯಾದದ್ದು 1833ರ ಚಾರ್ಟರ್ ಕಾಯ್ದೆ. ಅದು ಬಂದ ಮೇಲೆಯೇ ಬ್ರಿಟಿಷರಲ್ಲದ ಮಿಷನರಿಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಕೆಲಸ ಮಾಡುವುದು ಸುಲಭವಾಯಿತು. ಎರಡು ವರ್ಷದ ನಂತರ ಮೋಗ್ಲಿಂಗ್ ಬಂದರು, 25 ವರ್ಷ. ಮುಂದೆ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರು ಇವರೇ. ಶಾಲೆಯ ಹುಡುಗರ ಜೊತೆಯಲ್ಲೇ ಇದ್ದು, ಅವರ ಊಟವನ್ನೇ ಉಂಡು ಬದುಕಿದ ಮನುಷ್ಯ. ಆ ಕಾಲದ ಬಿಳಿಯರು ಹಾಗೆ ಬದುಕುತ್ತಿರಲಿಲ್ಲ.

ಇನ್ನೊಂದು ವಿಷಯ ಅಪ್ಪನಿಗೆ ತೋರಿಸಬೇಕೋ ಬೇಡವೋ ನೀವೇ ನೋಡಿ. ಇದೇ ಬಾಸೆಲಿನಿಂದ 1828ರಲ್ಲಿ ನಾಲ್ವರು ಯುವಕರನ್ನು ಗೋಲ್ಡ್ ಕೋಸ್ಟಿಗೆ, ಅಂದರೆ ಇವತ್ತಿನ ಘಾನಾಕ್ಕೆ ಕಳಿಸಿದರು. ತಲುಪಿದ ಕೆಲವೇ ತಿಂಗಳಲ್ಲಿ ಮೂವರು ಜ್ವರಕ್ಕೆ ಸತ್ತರು. ನಾಲ್ಕನೆಯವನು 1831ರಲ್ಲಿ ಸತ್ತ. 1832ರಲ್ಲಿ ಮತ್ತೆ ಮೂವರನ್ನು ಕಳಿಸಿದರು, ಅದರಲ್ಲಿ ಒಬ್ಬ ಡಾಕ್ಟರ್. ಆ ಡಾಕ್ಟರೂ ಇನ್ನೊಬ್ಬನೂ ಬೇಗನೆ ತೀರಿಕೊಂಡರು. ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಆದ್ದರಿಂದ "ಅವರೂ ಇದೇ ವಯಸ್ಸಿಗೆ ಹೋದರು" ಅನ್ನುವಾಗ ಹೋಗಿ ಸತ್ತವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವರಿಗೆ ಯಾವ ಊರಿನಲ್ಲೂ ಪ್ರತಿಮೆ ಇಲ್ಲ.

ಧಾರವಾಡದ ಮೇಷ್ಟ್ರು

ಕಿಟೆಲ್ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ ತಂಗಿ. ಅವರು ಉತ್ತರ ಜರ್ಮನಿಯ ಪಾದ್ರಿಯ ಮಗ. ಚೆನ್ನಾಗಿ ಓದಿದವರು. 1853ರಲ್ಲಿ ಈ ಕಡೆಗೆ ಬಂದರು. ಬಂದ ಮೇಲೆ ಅವರಿಗೆ ಹಿಡಿಸಿದ್ದು ಹಳ್ಳಿ ಹಳ್ಳಿ ತಿರುಗಿ, ಜನರ ನಡುವೆ ಕೂತು ಭಾಷೆ ಕಲಿಯುವುದು. ಜೊತೆಯ ಕೆಲವು ಮಿಷನರಿಗಳಿಗೆ ಅದು ಸರಿ ಕಾಣಲಿಲ್ಲ. ಬೆಳೆಯುವ ವಯಸ್ಸಿನಲ್ಲಿ ಒಳಗಿನವರಿಂದಲೇ ಅನುಮಾನ ಎದುರಿಸಿದವರು ಅವರು. ಮೊದಲ ಹೆಂಡತಿ ಪೌಲೀನ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು.

ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದಗಳು. ಆಗ ಕಿಟೆಲರಿಗೆ 62 ವರ್ಷ. ನಿಮ್ಮ ತಮ್ಮನಿಗೆ ಇದನ್ನು ಹೇಳಿ. 21ಕ್ಕೆ ಬಂದ ಹುಡುಗ ನಮಗೆ ಏನೂ ಕೊಟ್ಟಿರಲಿಲ್ಲ, ಬರೀ ಪಡೆದುಕೊಂಡಿದ್ದ. ಅವನಿಗೆ ಭಾಷೆ ಕಲಿಸಿದವರು, ಹಾಡು, ಗಾದೆ, ಹಳಗನ್ನಡದ ಓಲೆಗರಿ ತೋರಿಸಿದವರು ನಮ್ಮ ಜನ. ನನ್ನ ಪ್ರಕಾರ ಹೊರದೇಶಕ್ಕೆ ಹೋಗುವ ಎಳೆಯ ಮಿಷನರಿಗೆ ಮೊದಲ ಕೆಲವು ವರ್ಷ ಅದೊಂದೇ ಕೆಲಸ. ಕಲಿಯಬೇಕು.

ಕೀನ್ಯಾ ಅಂದಿರಲ್ಲ, ಅದಕ್ಕೂ ಬಾಸೆಲಿಗೂ ನೇರ ಸಂಬಂಧ ಇದೆ. ಯೋಹಾನ್ ಲುಡ್ವಿಗ್ ಕ್ರಾಫ್ ಕಲಿತದ್ದು ಇದೇ ಬಾಸೆಲ್ ಶಾಲೆಯಲ್ಲಿ. ಅಲ್ಲಿಂದ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿ ಸೇರಿ 1844ರಲ್ಲಿ ಮೊಂಬಾಸಕ್ಕೆ ಬಂದರು. ಬಂದ ಕೆಲವೇ ತಿಂಗಳಲ್ಲಿ ಹೆಂಡತಿ ರೋಸಿನ ಮತ್ತು ಆಗಷ್ಟೇ ಹುಟ್ಟಿದ ಹೆಣ್ಣುಕೂಸು ಎರಡೂ ಹೋದವು. ಅವರು ಅಲ್ಲೇ ಉಳಿದು ಸ್ವಾಹಿಲಿ ವ್ಯಾಕರಣ, ನಿಘಂಟು ಬರೆದರು. ಎರಡು ವರ್ಷದ ನಂತರ ಬಂದ ರೆಬ್ಮನ್ ಕೂಡ ಬಾಸೆಲಿನವರೇ. 26ಕ್ಕೆ ಬಂದವರು 1875ರಲ್ಲಿ ಊರಿಗೆ ಹೊರಟಾಗ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಮರುವರ್ಷ ತೀರಿಕೊಂಡರು.

ನನಗೆ ಇವರಿಗಿಂತ ಹೆಚ್ಚು ಇಷ್ಟವಾಗುವ ಕಥೆ ಬೇರೆ. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕದ ಮಕ್ಕಳಲ್ಲಿ ಕೆಲವರನ್ನು ನಮ್ಮ ಪಕ್ಕದ ನಾಸಿಕಿಗೆ ತಂದು ಶರಣಪುರದಲ್ಲಿ ಓದಿಸಿದರು. 'ಬಾಂಬೆ ಆಫ್ರಿಕನ್ನರು' ಅಂತಲೇ ಅವರ ಹೆಸರು. ಅವರಲ್ಲಿ ವಿಲಿಯಂ ಜೋನ್ಸ್, ಜಾರ್ಜ್ ಡೇವಿಡ್, ಇಷ್ಮಾಯೇಲ್ ಸೆಮ್ಲರ್ ಮೊದಲಾದವರು 1864ರ ಹೊತ್ತಿಗೆ ಮೊಂಬಾಸ ಪಕ್ಕದ ರಬಾಯಿಗೆ ಹೋದರು. ಅಲ್ಲಿ ಸಭೆ ಬೇರೂರಿದ್ದರಲ್ಲಿ ಇವರ ದುಡಿಮೆ ದೊಡ್ಡದು. ಬಾಸೆಲಿನ ಹುಡುಗರ ಹೆಸರು ಎಲ್ಲರಿಗೂ ಗೊತ್ತು, ಇವರ ಹೆಸರು ಯಾರಿಗೂ ಗೊತ್ತಿಲ್ಲ. ನಿಮ್ಮ ತಮ್ಮ ಹೋದರೆ ರಬಾಯಿ ನೋಡಿ ಬರಲಿ.

ಕಾರ್ಕಳದ ಹುಡುಗ

ನಾನು ಹಿಂದೂ. ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಮಿಷನರಿಗಳ ಮನೆಯವರ ದುಃಖ ಬರುತ್ತಿದೆ. ಮಕ್ಕಳು ಮತಾಂತರವಾದಾಗ ಇಲ್ಲಿನ ತಂದೆ ತಾಯಂದಿರಿಗೆ ಆದ ದುಃಖ? ಅದರ ಬಗ್ಗೆಯೂ ಯಾರಾದರೂ ಮಾತಾಡಬೇಕಲ್ವಾ?

2018ರ ನವೆಂಬರ್ ಸುದ್ದಿಯೂ ನೆನಪಾಗುತ್ತದೆ. ಜಾನ್ ಅಲೆನ್ ಚಾವ್ ಎಂಬ 26ರ ಅಮೆರಿಕನ್ ಯುವಕ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕಾನೂನು ಮೀರಿ ಹೋಗಿ ಪ್ರಾಣ ಕಳೆದುಕೊಂಡ. ಅವನ ಧೈರ್ಯ ಹೊಗಳಿದವರನ್ನು ನೋಡಿದೆ. ಆದರೆ ಹೊರಗಿನ ಒಂದು ಸಾದಾ ಶೀತಜ್ವರವೂ ಆ ದ್ವೀಪದವರನ್ನು ಅಳಿಸಿಹಾಕಬಹುದಿತ್ತು. ಬರಬೇಡಿ ಅಂತ ಅವರು ಎಷ್ಟೋ ವರ್ಷಗಳಿಂದ ಬಾಣ ಬಿಟ್ಟು ಹೇಳುತ್ತಿದ್ದರು. ಹೋಗುವವನ ಮನಸ್ಸು ಶುದ್ಧ ಇದ್ದರೆ ಸಾಕಾ? ಎದುರಿನವರು ಕರೆದಿದ್ದಾರಾ ಅನ್ನುವುದು ಮುಖ್ಯ ಅಂತ ನನಗನ್ನಿಸುತ್ತದೆ.

ಬಲ್ಮಠದ ಓದುಗ

ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಬೇಸರದ ಮಾತೇ ಇಲ್ಲ.

ಮಂಗಳೂರಿನ ಆನಂದರಾವ್ ಕೌಂಡಿನ್ಯ ಅವರ ಕಥೆ ಇದಕ್ಕೆ ಹತ್ತಿರ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಮಿಷನ್ ಶಾಲೆಯಲ್ಲಿ ಓದುತ್ತಿದ್ದ. 1844ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಗಲಾಟೆ ಆಯಿತು. ಮನೆಯವರ ಪಾಲಿಗೆ ಮಗ ಕೈತಪ್ಪಿ ಹೋದ ಹಾಗೆ. ಮಿಷನ್ ವರದಿಗಳಲ್ಲಿ ಅದು ಸಂತೋಷದ ಸುದ್ದಿ, ಆ ಮನೆಯಲ್ಲಿ ಅಲ್ಲ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಸರಿಯಲ್ಲ ಅಂತ ನಮ್ಮ ಸಭೆಯಲ್ಲೂ ನಾನು ಹೇಳುತ್ತಿರುತ್ತೇನೆ.

1846ರಲ್ಲಿ ಮೋಗ್ಲಿಂಗ್ ಈ ಆನಂದರಾವ್ ಅವರನ್ನು ಬಾಸೆಲಿಗೆ ಕರೆದುಕೊಂಡು ಹೋದರು. ಮಂಗಳೂರಿನ ಹುಡುಗ ಆ ಚಳಿಯಲ್ಲಿ ಐದು ವರ್ಷ ಓದಿದ. ಅದೇ ನಿಯಮ, ಅದೇ ಗ್ರೀಕ್, ಅದೇ ಹೀಬ್ರೂ. 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ವಾಪಸ್ ಬಂದು ಇಲ್ಲೇ ಕೆಲಸ ಮಾಡಿದರು. ಅಕ್ಕಾ, ನಿಮ್ಮ ತಮ್ಮ ಕಿಟೆಲ್ ಹೆಸರು ಹೇಳುವ ಬದಲು ಇವರ ಹೆಸರು ಹೇಳಲಿ. ನಮ್ಮ ನೆಲದಿಂದ ಹೊರಟು ಪರದೇಶದಲ್ಲಿ ಒಂಟಿಯಾಗಿ ನಿಂತ ಹುಡುಗ.

ಇನ್ನು ಚಾವ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಕರೆಯಿಲ್ಲದ ಕಡೆ, ಕಾನೂನು ಮುರಿದು, ಇನ್ನೊಬ್ಬರ ಜೀವಕ್ಕೆ ಅಪಾಯ ತಂದು ಹೋಗುವುದು ಸೇವೆಯಲ್ಲ.

ಶಿರ್ವದ ಸಿಸ್ಟರ್

ಹುಬ್ಬಳ್ಳಿ ಅಕ್ಕನಿಗೆ ನಮಸ್ಕಾರ. ನಾನು ಕಥೋಲಿಕ್ ಧರ್ಮಭಗಿನಿ, ನರ್ಸ್ ಕೂಡ. ಎಳೆಯ ವಯಸ್ಸಿನಲ್ಲೇ ನಮ್ಮ ಸಭೆ ನನ್ನನ್ನು ಕೀನ್ಯಾಕ್ಕೆ ಕಳಿಸಿತು. ಕಿಸುಮು ಕಡೆಯ ಹಳ್ಳಿಯ ಚಿಕಿತ್ಸಾಲಯದಲ್ಲಿ ವರ್ಷಗಟ್ಟಲೆ ಇದ್ದೆ.

ಮೊದಲು ಒಂದು ವಿಷಯ ತಮ್ಮನಿಗೆ ಗೊತ್ತಿರಲಿ. ಅಲ್ಲಿ ಭಾರತೀಯರ ಮುಖ ಹೊಸದಲ್ಲ. 1896ರಿಂದ 1901ರವರೆಗೆ ಮೊಂಬಾಸದಿಂದ ಕಿಸುಮುವರೆಗೆ ರೈಲು ಹಾಕಿದವರಲ್ಲಿ ಸಾವಿರಾರು ಜನ ನಮ್ಮ ದೇಶದ ಕೂಲಿಗಳು. ಆಮೇಲೆ ಗುಜರಾತಿ, ಪಂಜಾಬಿ ಅಂಗಡಿಗಳು ಬಂದವು. ಹಾಗಾಗಿ ಹಳ್ಳಿಯವರಿಗೆ 'ಮುಹಿಂದಿ' (ಸ್ವಾಹಿಲಿಯಲ್ಲಿ ಭಾರತೀಯ) ಅಂದರೆ ಅಂಗಡಿಯ ಧಣಿ. ನಾನು ಹೋದ ಹೊಸದರಲ್ಲಿ ಹೆಂಗಸರು ನನ್ನನ್ನೂ ಹಾಗೇ ನೋಡಿದರು. ಲೆಕ್ಕ ಹಾಕುವವಳು, ದೂರ ನಿಲ್ಲುವವಳು ಅಂತ. ಅದರಲ್ಲಿ ಅವರ ತಪ್ಪಿಲ್ಲ. ಅವರ ಜೊತೆ ನೆಲದ ಮೇಲೆ ಕೂತು ಉಗಾಲಿ ತಿನ್ನಲು ಶುರು ಮಾಡಿದ ಮೇಲೆ ನಿಧಾನವಾಗಿ ಅದು ಕರಗಿತು. ಉಗಾಲಿ ಮೆಕ್ಕೆಜೋಳದ ಹಿಟ್ಟಿನದು, ನಮ್ಮ ರಾಗಿಮುದ್ದೆಯ ಹಾಗೇ. ಜೊತೆಗೆ ಸುಕುಮ ವೀಕಿ ಎಂಬ ಸೊಪ್ಪಿನ ಪಲ್ಯ. ಚಪಾತಿ, ಚಹಾ ಅಲ್ಲೂ ಇದೆ, ಊಟಕ್ಕೆ ಕಷ್ಟವಾಗುವುದಿಲ್ಲ.

ಭಾಷೆಯ ಬಗ್ಗೆ ಮೇಷ್ಟ್ರು ಹೇಳಿದ್ದು ಸತ್ಯ. ಶಾಲೆಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಪೇಟೆಯಲ್ಲಿ ಸ್ವಾಹಿಲಿ. ಆದರೆ ಆ ಭಾಗದ ಅಜ್ಜಿಯಂದಿರು ಮನಸ್ಸು ಬಿಚ್ಚುವುದು ಲುವೊ ಭಾಷೆಯಲ್ಲಿ. ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ನನ್ನ ಇಂಗ್ಲಿಷ್ ಏನು ಪ್ರಯೋಜನ? ನನ್ನ ಕೈಹಿಡಿದು ನಡೆಸಿದವಳು ಅಲ್ಲಿನ ನರ್ಸ್. ಮಲೇರಿಯಾ ಬಗ್ಗೆ ನನಗಿಂತ ಎಷ್ಟೋ ಪಾಲು ಜಾಸ್ತಿ ಗೊತ್ತಿತ್ತು ಅವಳಿಗೆ. ಅವಳೇ ಮೇಲಿನವಳು, ನಾನು ಸಹಾಯಕಿ. ಈ ಕ್ರಮ ಸರಿ ಇದ್ದರೆ ಉಳಿದದ್ದೆಲ್ಲ ಸರಿಹೋಗುತ್ತದೆ. ಹೊರಗಿನಿಂದ ಬಂದ ಇಪ್ಪತ್ತರ ಹುಡುಗನನ್ನು ಅಲ್ಲಿನ ಅನುಭವಿ ಟೀಚರ್ ಮೇಲೆ ಕೂರಿಸುವ ಶಾಲೆಗಳನ್ನೂ ನೋಡಿದ್ದೇನೆ. ಅಂಥ ಕಡೆ ಹುಡುಗನೂ ಹಾಳು, ಶಾಲೆಯೂ ಹಾಳು.

ತಮ್ಮ ಯಾರ ಕೈಕೆಳಗೆ ಕೆಲಸ ಮಾಡುತ್ತಾನೆ ಅಂತ ಕೇಳಿ ತಿಳಿದುಕೊಳ್ಳಿ. ಅಲ್ಲಿನ ಸಭೆ ತಾನಾಗಿ ಕೇಳಿ ಕರೆಸಿಕೊಳ್ಳುತ್ತಿದೆಯಾ, ಅಥವಾ ಇಲ್ಲಿಂದ ಕಳಿಸುವವರ ಉತ್ಸಾಹವಾ? ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಯಾರದು, ವಾಪಸ್ ಟಿಕೆಟ್ ಯಾರದು, ಇದು ಕಾಗದದಲ್ಲಿ ಇರಬೇಕು. ವೀಸಾ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬಬೇಡಿ. ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವಂತಿಲ್ಲ. ಮಾನ್ಯತೆ ಇರುವ ಧಾರ್ಮಿಕ ಸಂಸ್ಥೆಯವರಿಗೆ ಕೀನ್ಯಾದಲ್ಲಿ 'ಐ' ವರ್ಗದ ಪರವಾನಗಿ ಅಂತ ಬೇರೆಯೇ ಇದೆ, ಅದನ್ನು ಅಲ್ಲಿನ ಸಂಸ್ಥೆ ಮಾಡಿಸಿಕೊಡಬೇಕು.

ಅಮ್ಮನಿಗೆ ನನ್ನ ಪ್ರಣಾಮ ಹೇಳಿ. ನನ್ನ ಅಮ್ಮನೂ ಹಾಗೇ ಇದ್ದರು.

ಮಡಿಕೇರಿಯ ಸೊಸೆ

ಗಂಡಸರ ಕಥೆ ಚೆನ್ನಾಗಿ ಬರುತ್ತಿದೆ. ಹೆಣ್ಣುಮಕ್ಕಳದ್ದು ನಾನು ಸೇರಿಸುತ್ತೇನೆ. ಮೇಲೆ ಹೇಳಿದ ಎರಡು ವರ್ಷದ ನಿಯಮದಿಂದ ಏನಾಯಿತು ಗೊತ್ತಾ? ಎಷ್ಟೋ ಹುಡುಗಿಯರು ವರನ ಮುಖ ನೋಡದೆ, ಕಾಗದ ಮತ್ತು ಕಮಿಟಿಯ ಮಾತಿನ ಮೇಲೆ ಹಡಗು ಹತ್ತಿ ಬಂದರು. ಬಂದು ಇಳಿದ ಮೇಲೆ ಮದುವೆ. ಅವರೂ ಇಪ್ಪತ್ತು ಚಿಲ್ಲರೆ ವರ್ಷದವರೇ. ಶಾಲೆ ನಡೆಸಿದರು, ಹೊಲಿಗೆ ಕಲಿಸಿದರು, ಕಾಯಿಲೆಯವರನ್ನು ನೋಡಿಕೊಂಡರು. ವರದಿಗೆ ಸಹಿ ಹಾಕಿದ್ದು ಮಾತ್ರ ಗಂಡಂದಿರು.

ಇದಕ್ಕಿಂತ ಕಷ್ಟದ್ದು ಮಕ್ಕಳ ವಿಷಯ. ಶಾಲೆಯ ವಯಸ್ಸಾದ ಮಕ್ಕಳನ್ನು, ಅಂದರೆ ಆರೇಳು ವರ್ಷದವರನ್ನು ಯುರೋಪಿಗೆ ಕಳಿಸಿಬಿಡಬೇಕಿತ್ತು. ಬಾಸೆಲಿನಲ್ಲಿ ಅದಕ್ಕೇ ಒಂದು ಮಕ್ಕಳ ಮನೆ ಮಾಡಿದ್ದರು. ತಲಶ್ಶೇರಿಯಲ್ಲಿದ್ದ ಬಾಸೆಲ್ ಮಿಷನರಿ ಗುಂಡರ್ಟ್ ದಂಪತಿಯ ಮಗಳು ಮರೀ ಹುಟ್ಟಿದ್ದು 1842ರಲ್ಲಿ. ಶಾಲೆಯ ವಯಸ್ಸಿಗೂ ಮೊದಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಮತ್ತೆ ತಂದೆ ತಾಯಿಯ ಹತ್ತಿರ ಬಂದಾಗ ಅವಳಿಗೆ 15 ವರ್ಷ. ಇವಳೇ ಮುಂದೆ ಲೇಖಕ ಹರ್ಮನ್ ಹೆಸ್ಸೆಯ ತಾಯಿ.

ನಿಮ್ಮ ತಮ್ಮ ಎರಡು ವರ್ಷಕ್ಕೆ, ಒಬ್ಬನೇ ಹೋಗುತ್ತಿದ್ದಾನೆ. ವಾರವಾರ ಫೋನಿನಲ್ಲಿ ಮುಖ ನೋಡಬಹುದು. ಅಮ್ಮನಿಗೆ ಇದು ಸಮಾಧಾನ ಆಗುತ್ತದೆ ಅಂತಲ್ಲ. ಆದರೆ ಆ ತಾಯಂದಿರಿಗೆ ಮಗುವಿನ ಕಾಗದ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು.

ಸಾಲ್ಟ್‌ಲೇಕ್ ಕನ್ನಡಿಗ

ನಾನಿರುವುದು ಅಮೆರಿಕದ ಯೂಟಾದಲ್ಲಿ. ಇಲ್ಲಿ ಮಾರ್ಮನ್ ಸಭೆಯವರು ಜಾಸ್ತಿ. ನಮ್ಮ ಬೀದಿಯ ಹುಡುಗರು 18 ತುಂಬಿದ ಕೂಡಲೇ ಎರಡು ವರ್ಷದ ಮಿಷನ್ನಿಗೆ ಹೊರಡುತ್ತಾರೆ. ಹುಡುಗಿಯರಿಗೆ 18 ತಿಂಗಳು. ಎಲ್ಲಿಗೆ ಅನ್ನುವುದನ್ನು ಸಭೆಯೇ ಹೇಳುತ್ತದೆ, ಇವರು ಆರಿಸುವಂತಿಲ್ಲ. ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಭಾಷೆ ಕಲಿಸಿ ಕಳಿಸುತ್ತಾರೆ. ಯಾವಾಗಲೂ ಇಬ್ಬಿಬ್ಬರು ಜೊತೆಯಲ್ಲೇ ಇರಬೇಕು. ಖರ್ಚು ಕುಟುಂಬದ್ದೇ. 2020ರಿಂದ ಇಲ್ಲಿನವರಿಗೆ ತಿಂಗಳಿಗೆ 500 ಡಾಲರ್. ಮೊದಲು ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ ಬಿಡುತ್ತಿದ್ದರು. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ಇದು ಒಳ್ಳೆಯ ಬದಲಾವಣೆ.

ನಾನು ಹೇಳಬೇಕೆಂದಿರುವುದು ಮಧ್ಯದಲ್ಲೇ ವಾಪಸ್ ಬಂದವರ ಬಗ್ಗೆ. ನನ್ನ ಪರಿಚಯದ ಒಬ್ಬ ಹುಡುಗ ಮನಸ್ಸಿನ ಆರೋಗ್ಯ ಕೆಟ್ಟು ಅವಧಿಗೆ ಮೊದಲೇ ಬಂದ. ಯಾರೂ ಬೈಯಲಿಲ್ಲ. ಆದರೆ ಜನ ಅವನ ಜೊತೆ ಮಾತು ಕಡಿಮೆ ಮಾಡಿದರು. ಅವನು ಮನೆಯಿಂದ ಹೊರಗೆ ಬರಲು ಬಹಳ ಕಾಲ ಬೇಕಾಯಿತು. ದಯವಿಟ್ಟು ನಿಮ್ಮ ತಮ್ಮನಿಗೆ ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿ. ಆಗದಿದ್ದರೆ ಬಾ, ಯಾರೂ ಒಂದು ಮಾತು ಅನ್ನುವುದಿಲ್ಲ ಅಂತ. ಅಪ್ಪನ ಬಾಯಿಂದ ಈ ಮಾತು ಬಂದರೆ ಇನ್ನೂ ಒಳ್ಳೆಯದು.

ಬಲ್ಮಠದ ಓದುಗ

ಇದಕ್ಕೆ ಹಳೆಯ ಉದಾಹರಣೆಯೇ ಇದೆ. ಮಡಿಕೇರಿ ಅಕ್ಕ ಹೇಳಿದ ಮರೀ ಅವರ ಎರಡನೇ ಗಂಡ ಯೋಹಾನೆಸ್ ಹೆಸ್ಸೆ. 1869ರಲ್ಲಿ 22ರ ವಯಸ್ಸಿಗೆ ಬಾಸೆಲ್ ಮಿಷನ್ನಿನಿಂದ ನಮ್ಮ ಕರಾವಳಿಗೆ ಬಂದವರು. ಸರಿಯಾಗಿ ನಿಮ್ಮ ತಮ್ಮನ ವಯಸ್ಸು. ಆರೋಗ್ಯ ನಿಲ್ಲಲಿಲ್ಲ. 1873ರಲ್ಲಿ ವಾಪಸ್ ಹೋದರು. ಅವರನ್ನು ಮಿಷನ್ ಕೈಬಿಡಲಿಲ್ಲ. ಜರ್ಮನಿಯ ಕಾಲ್ವ್ ಊರಿನಲ್ಲಿ ಗುಂಡರ್ಟ್ ಅವರ ಜೊತೆ ಪುಸ್ತಕ ಪ್ರಕಟಣೆಯ ಕೆಲಸಕ್ಕೆ ಹಚ್ಚಿತು. ಕಿಟೆಲ್ ಒಬ್ಬರೇ ಅಳತೆಗೋಲು ಆಗಬಾರದು. ನಾಲ್ಕು ವರ್ಷ ಇದ್ದು ಹೋದವರದ್ದೂ ಸೇವೆಯೇ.

ಹುಬ್ಬಳ್ಳಿಯ ಅಕ್ಕ

ಎಲ್ಲರಿಗೂ ಮನಸಾರೆ ಧನ್ಯವಾದ. ಅಪ್ಪ ಪೂರ್ತಿ ಓದಿದರು, ಘಾನಾದ ಭಾಗವನ್ನೂ. ಎರಡು ದಿನ ಏನೂ ಮಾತಾಡಲಿಲ್ಲ. ಆಮೇಲೆ ತಾವೇ ತಮ್ಮನನ್ನು ಕೂರಿಸಿಕೊಂಡು, ಶಿರ್ವದ ಸಿಸ್ಟರ್ ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಬರೆಸಿ ಕಳಿಸುವವರಿಗೆ ಮೇಲ್ ಮಾಡಿಸಿದರು. ಅಲ್ಲಿನ ಸಭೆಯೇ ಕರೆಸಿಕೊಳ್ಳುತ್ತಿದೆ, ಅಲ್ಲಿನ ಹೆಡ್‌ಮಿಸ್ಟ್ರೆಸ್ ಕೈಕೆಳಗೆ ಕೆಲಸ ಅಂತ ಉತ್ತರ ಬಂದಿದೆ. ಆಸ್ಪತ್ರೆ ಖರ್ಚಿನ ಬಗ್ಗೆ ಸ್ಪಷ್ಟ ಉತ್ತರ ಬಂದಿಲ್ಲ. ಅದು ಕಾಗದದಲ್ಲಿ ಬರುವವರೆಗೆ ಟಿಕೆಟ್ ಇಲ್ಲ ಅಂತ ಅಪ್ಪ ಹೇಳಿದ್ದಾರೆ. ತಮ್ಮನೂ ಒಪ್ಪಿದ್ದಾನೆ. ಕಾರ್ಕಳದ ಅಣ್ಣ, ನೀವು ಕೇಳಿದ ಪ್ರಶ್ನೆಯ ಬಗ್ಗೆ ನಮ್ಮ ಮನೆಯಲ್ಲಿ ಮೊದಲ ಸಲ ಮಾತಾಯಿತು. ಬೇಡ ಅನ್ನುವವರ ಮನೆಗೆ ನಾನು ಧರ್ಮ ಹೊತ್ತುಕೊಂಡು ಹೋಗುವುದಿಲ್ಲ, ಹೋಗುತ್ತಿರುವುದು ಪಾಠ ಮಾಡಲು ಅಂತ ತಮ್ಮ ಹೇಳಿದ. ಅದನ್ನು ಅಮ್ಮನ ಎದುರು ಹೇಳಿದ.

ಸಿಸ್ಟರ್, ಹೋಗುವುದು ಖಾತ್ರಿಯಾದರೆ ಏನೇನು ತಯಾರಿ ಮಾಡಬೇಕು?

ಶಿರ್ವದ ಸಿಸ್ಟರ್

ಇವತ್ತಿನಿಂದಲೇ ಸ್ವಾಹಿಲಿ ಶುರು ಮಾಡಲಿ, ಆನ್‌ಲೈನ್ ಪಾಠ ಬೇಕಾದಷ್ಟು ಸಿಗುತ್ತದೆ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿ. ಆ ಹಳದಿ ಕಾರ್ಡ್ ಭದ್ರವಾಗಿರಲಿ. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದನ್ನು ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕ ಇಟ್ಟುಬಿಡುತ್ತಾರೆ. ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಮಲೇರಿಯಾ ಮಾತ್ರೆ ಯಾವುದು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ವಿಕ್ಟೋರಿಯಾ ಸರೋವರದ ಆ ಭಾಗದಲ್ಲಿ ಮಲೇರಿಯಾ ಜಾಸ್ತಿ. ಸೊಳ್ಳೆಪರದೆ ಅಲ್ಲೇ ಒಳ್ಳೆಯದು ಸಿಗುತ್ತದೆ, ಇಲ್ಲಿಂದ ಹೊರಬೇಡಿ. ಮಕ್ಕಳಿಗೆ ಅಂತ ಪೆಟ್ಟಿಗೆ ತುಂಬ ಉಡುಗೊರೆಯೂ ಬೇಡ. ನಾಲ್ಕು ಮಕ್ಕಳಿಗೆ ಸಿಕ್ಕಿ ನಲವತ್ತು ಮಕ್ಕಳಿಗೆ ಸಿಗದಿದ್ದರೆ ಹೆಡ್‌ಮಿಸ್ಟ್ರೆಸ್‌ಗೆ ತಲೆನೋವು. ಏನು ಬೇಕು ಅಂತ ಅವರನ್ನೇ ಕೇಳಲಿ. ಹಲ್ಲು ಒಂದು ಸಲ ತೋರಿಸಿಕೊಂಡು ಹೊರಡಲಿ, ಹಳ್ಳಿಯಲ್ಲಿ ಹಲ್ಲಿನ ಡಾಕ್ಟರ್ ಸಿಗುವುದು ಕಷ್ಟ. ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಇನ್ನೂ ಕಿಸುಮುವಿನಲ್ಲಿದ್ದಾರೆ. ತಾರೀಖು ಗೊತ್ತಾದ ಮೇಲೆ ಇಲ್ಲೇ ತಿಳಿಸಿ, ಅವರಿಗೆ ಹೇಳಿಡುತ್ತೇನೆ.